ಟವರ್ ಸಿಗದ ಊರಿನಲ್ಲೂ ಪುಕ್ಕಟೆ ಕಲಿಕೆ: ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಕಲಿಯಲು ಏನೇನು ಸಿಗುತ್ತದೆ ಎಂಬ ಪಟ್ಟಿಗಳಿಗೆ ಬರವಿಲ್ಲ. ವಾಟ್ಸಾಪ್‌ನಲ್ಲಿ ಆಗಾಗ ಒಂದು ಬಂದು ಬೀಳುತ್ತದೆ. ಅದರಲ್ಲಿ ಐವತ್ತು ಹೆಸರು ಇರುತ್ತವೆ. ಎಲ್ಲವೂ ದಿನವಿಡೀ ವೈಫೈ ಇರುವವರನ್ನು ನೆನೆದು ಬರೆದದ್ದು. ಹೊಸನಗರದ ಒಳಗಿನ ಹಳ್ಳಿಯಲ್ಲೋ, ಶರಾವತಿ ಹಿನ್ನೀರಿನ ಆಚೆ ದಡದಲ್ಲೋ ಇರುವವರಿಗೆ ಅದು ಅರ್ಧವೂ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಟವರ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಹೋದ ಕರೆಂಟು ಯಾವಾಗ ಬರುತ್ತದೆ ಎಂದು ಲೈನ್‌ಮನ್‌ಗೂ ಹೇಳಲು ಆಗುವುದಿಲ್ಲ.

ಹಾಗಾಗಿ ಇಲ್ಲಿ ಕ್ರಮ ಸ್ವಲ್ಪ ಬೇರೆ. ಪೇಟೆಯಲ್ಲಿ ಇಳಿಸಿಕೊಳ್ಳುವುದು, ಮನೆಯಲ್ಲಿ ಕಲಿಯುವುದು. ಈ ಲೆಕ್ಕ ಇಟ್ಟುಕೊಂಡೇ ಒಂದೊಂದು ವಿಷಯವನ್ನೂ ನೋಡೋಣ. ನೆಟ್ ಇಲ್ಲದೆ ನಡೆಯುವುದಕ್ಕೆ ಮೊದಲ ಮಣೆ. ಶಿವಮೊಗ್ಗ, ಭದ್ರಾವತಿ ಪೇಟೆಯೊಳಗೇ ಇರುವವರಿಗೂ ಇದರಿಂದ ನಷ್ಟವಿಲ್ಲ, ಡೇಟಾ ಉಳಿಯುತ್ತದೆ.

ಹೆಜ್ಜೆ 1: ಯಾವುದಕ್ಕೆ ಎಂದು ಬರೆದಿಡಿ

"ಆನ್‌ಲೈನ್‌ನಲ್ಲಿ ಏನಾದರೂ ಕಲಿಯಬೇಕು" ಎಂದು ಶುರು ಮಾಡಿದವರು ಸಾಮಾನ್ಯವಾಗಿ ಮೂರನೇ ವಿಡಿಯೋಕ್ಕೆ ನಿಲ್ಲಿಸುತ್ತಾರೆ. ಕಾಗದದಲ್ಲಿ ಒಂದೇ ಸಾಲು ಬರೆಯಿರಿ: ಇದನ್ನು ಕಲಿತ ಮೇಲೆ ನಾನು ಏನು ಮಾಡಲು ಶಕ್ತನಾಗಬೇಕು? "ಕಂಪ್ಯೂಟರ್ ಕಲಿಯಬೇಕು" ಎಂದರೆ ಸಾಲದು. "ಸ್ವಸಹಾಯ ಸಂಘದ ಲೆಕ್ಕವನ್ನು ಕಂಪ್ಯೂಟರ್‌ನಲ್ಲಿ ಇಟ್ಟು, ತಿಂಗಳ ಕೊನೆಗೆ ಒಟ್ಟು ತೆಗೆಯಬೇಕು" ಎಂದು ಬರೆದರೆ ಯಾವ ಪಾಠ ಬೇಕು, ಯಾವುದು ಬೇಡ ಎಂದು ತಾನಾಗಿಯೇ ಗೊತ್ತಾಗುತ್ತದೆ.

ಅದರ ಕೆಳಗೆ ಇನ್ನೊಂದು ಸಾಲು: ನನಗೆ ಬೇಕಾದದ್ದು ಕೆಲಸ ಬರುವುದೋ, ಪರೀಕ್ಷೆಯ ಅಂಕವೋ, ಸರ್ಟಿಫಿಕೇಟೋ? ಮೂರಕ್ಕೂ ದಾರಿ ಬೇರೆ ಬೇರೆ. ಸರ್ಟಿಫಿಕೇಟ್ ಬೇಡ ಎನ್ನುವವರಿಗೆ ದಾರಿ ತುಂಬ ಸಲೀಸು.

ಹೆಜ್ಜೆ 2: ಪುಕ್ಕಟೆ ಅಂದರೆ ಎಷ್ಟು ಪುಕ್ಕಟೆ ಎಂದು ನೋಡಿಕೊಳ್ಳಿ

ಕೆಲವು ಪೂರ್ತಿ ಪುಕ್ಕಟೆ. ಖಾನ್ ಅಕಾಡೆಮಿ, ವಿಕಿಪೀಡಿಯ, ಸ್ಪೋಕನ್ ಟ್ಯುಟೋರಿಯಲ್, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಓಪನ್ ಕೋರ್ಸ್‌ವೇರ್ ಈ ಜಾತಿಯವು. ಕೆಲವು ಕಡೆ ಕಲಿಯಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ತೆಗೆದುಕೊಳ್ಳಲು ಶುಲ್ಕವಿದೆ. ಕೇಂದ್ರ ಸರ್ಕಾರದ ಸ್ವಯಂ ತಾಣ ಮತ್ತು ಐಐಟಿಗಳ ಎನ್‌ಪಿಟಿಇಎಲ್ ಹೀಗೆ. ಮೂರನೆಯದು ಏಳು ದಿನ ಫ್ರೀ ಎಂದು ಹೇಳಿ ಮೊದಲೇ ಕಾರ್ಡ್ ನಂಬರ್ ಕೇಳುವವು. ಎಂಟನೇ ದಿನ ದುಡ್ಡು ಕಟ್ ಆಗುತ್ತದೆ. ಕಾರ್ಡ್ ನಂಬರ್ ಅಥವಾ ಯುಪಿಐ ಆಟೋಪೇ ಕೇಳಿದ ಕೂಡಲೇ ಹೊರಗೆ ಬನ್ನಿ. ಅದೇ ವಿಷಯ ಬೇರೆ ಕಡೆ ಪುಕ್ಕಟೆ ಸಿಗುವುದೇ ಜಾಸ್ತಿ.

ನಾಲ್ಕನೆಯದು ಕೋಚಿಂಗ್ ಮಾರುವವರ "ಉಚಿತ ಡೆಮೊ". ಮೊಬೈಲ್ ನಂಬರ್ ಕೊಟ್ಟರೆ ಸಂಜೆಯಿಂದ ಫೋನ್ ಶುರು. ಟೆಲಿಗ್ರಾಂನಲ್ಲಿ ಓಡಾಡುವ ಕದ್ದ ಪಿಡಿಎಫ್‌ಗಳ ಸಹವಾಸವೂ ಬೇಡ. ಅರ್ಧ ಹಳೇ ಸಿಲಬಸ್, ಇನ್ನರ್ಧ ಹಾಳೆ ತಪ್ಪಿದವು.

ಹೆಜ್ಜೆ 3: ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಳ್ಳಿ

ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಜಾಗ. ಫೋನಿನಲ್ಲಿ ಮೆಮೊರಿ ಕಾರ್ಡ್ ಹಾಕುವ ಅವಕಾಶ ಇದ್ದರೆ ಒಂದು 64 ಜಿಬಿ ಕಾರ್ಡ್ ಹಾಕಿಸಿ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಚಿತ್ರಗಳನ್ನೂ ಮದುವೆ ವಿಡಿಯೋಗಳನ್ನೂ ಅಳಿಸಿ. ಒಂದಷ್ಟು ಜಿಬಿ ಅಲ್ಲೇ ಸಿಗುತ್ತದೆ, ಸುಳ್ಳಲ್ಲ.

ಆಮೇಲೆ ವಿಡಿಯೋ ಗುಣಮಟ್ಟ. 720ರಲ್ಲಿ ಒಂದು ಗಂಟೆ ನೋಡಿದರೆ ಸುಮಾರು 1 ಜಿಬಿ ಅಥವಾ ಹೆಚ್ಚು ಖರ್ಚು. 360ರಲ್ಲಿ ಅದೇ ಒಂದು ಗಂಟೆಗೆ 300 ಎಂಬಿ ಆಸುಪಾಸು. ಅಂದರೆ ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರಿಗೆ ನಾಲ್ಕೈದು ಗಂಟೆಯ ಪಾಠ. ಕಪ್ಪುಹಲಗೆಯ ಮೇಲೆ ಬರೆಯುವ ಪಾಠಕ್ಕೆ 360 ಧಾರಾಳ ಸಾಕು. ಅಕ್ಷರ ಸಣ್ಣದಾಗಿ ಕಾಣುವ ಕಂಪ್ಯೂಟರ್ ಪಾಠಗಳಿಗೆ ಮಾತ್ರ 480 ಅಥವಾ 720 ಇಡಿ.

ಯೂಟ್ಯೂಬ್ ಆ್ಯಪ್‌ನಲ್ಲಿ ವಿಡಿಯೋ ಕೆಳಗೆ ಡೌನ್‌ಲೋಡ್ ಗುಂಡಿ ಇರುತ್ತದೆ. ನಮ್ಮ ದೇಶದಲ್ಲಿ ಬಹಳಷ್ಟು ವಿಡಿಯೋಗಳನ್ನು ಕಡಿಮೆ ಗುಣಮಟ್ಟದಲ್ಲಿ ದುಡ್ಡಿಲ್ಲದೆ ಹೀಗೆ ಇಳಿಸಬಹುದು. ಆದರೆ ಅದು ಶಾಶ್ವತವಾಗಿ ಉಳಿಯುವುದಿಲ್ಲ. ಆಗಾಗ ಫೋನನ್ನು ನೆಟ್‌ಗೆ ಜೋಡಿಸದಿದ್ದರೆ ಬಂದ್ ಆಗುತ್ತದೆ. ಆದ್ದರಿಂದ ಯೂಟ್ಯೂಬ್‌ನಿಂದ ಆ ವಾರಕ್ಕೆ ಬೇಕಾದಷ್ಟೇ ಇಳಿಸಿ. ಫೈಲ್ ರೂಪದಲ್ಲೇ ಕೊಡುವ ತಾಣಗಳಿಂದ ಇಡೀ ಕೋರ್ಸ್ ತೆಗೆದಿಟ್ಟುಕೊಳ್ಳಿ.

ಕೈಗೆ ಸಿಗಬೇಕಾದ ಇನ್ನೊಂದು ವಸ್ತು ಕಿವಿಕ್ಸ್ ಎಂಬ ಆ್ಯಪ್. ಇದು ವಿಕಿಪೀಡಿಯದಂಥ ಇಡೀ ತಾಣವನ್ನೇ ಒಂದು ಕಡತವಾಗಿ ಫೋನಿಗೆ ಇಳಿಸಿ, ನೆಟ್ ಇಲ್ಲದೆ ಓದಲು ಬಿಡುತ್ತದೆ. ಮಾಡುವುದು ಹೀಗೆ: ಪ್ಲೇ ಸ್ಟೋರ್‌ನಿಂದ ಕಿವಿಕ್ಸ್ ಹಾಕಿಕೊಳ್ಳಿ. ಡೌನ್‌ಲೋಡ್ ವಿಭಾಗಕ್ಕೆ ಹೋಗಿ ಭಾಷೆಯಲ್ಲಿ ಕನ್ನಡ ಆರಿಸಿ. ಕನ್ನಡ ವಿಕಿಪೀಡಿಯ ಕಾಣುತ್ತದೆ, ಒತ್ತಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈಗ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಂಗ್ಲಿಷ್ ಬೇಕೆಂದರೆ ಪೂರ್ತಿ ವಿಕಿಪೀಡಿಯಕ್ಕೆ ಕೈ ಹಾಕಬೇಡಿ, ಚಿತ್ರಗಳ ಸಮೇತ ಅದು 100 ಜಿಬಿ ಸುತ್ತಮುತ್ತ ಆಗುತ್ತದೆ. ಗಣಿತ, ಭೌತಶಾಸ್ತ್ರ, ವೈದ್ಯಕೀಯ ಎಂದು ವಿಷಯಕ್ಕೊಂದು ಸಣ್ಣ ಕಟ್ಟು ಇದೆ, ಬೇಕಾದದ್ದನ್ನು ಮಾತ್ರ ತೆಗೆದುಕೊಳ್ಳಿ.

ಶಾಲೆಗೋ ಊರಿನ ಯುವಕ ಸಂಘಕ್ಕೋ ಒಂದು ಹಳೇ ಲ್ಯಾಪ್‌ಟಾಪ್ ಇದ್ದರೆ ಕೊಲಿಬ್ರಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ನೋಡಿ. ಖಾನ್ ಅಕಾಡೆಮಿಯಂಥ ಪಾಠಗಳನ್ನು ಅದರಲ್ಲಿ ಒಮ್ಮೆ ತುಂಬಿಸಿಟ್ಟರೆ, ಅದೇ ಕೋಣೆಯ ಫೋನುಗಳಿಗೆ ವೈಫೈ ಮೂಲಕ ಹಂಚಬಹುದು. ಹೊರಗಿನ ಇಂಟರ್‌ನೆಟ್ ಬೇಕಿಲ್ಲ.

ಇಳಿಸುವುದು ಎಲ್ಲಿ? ಸಂತೆಗೋ ಸೊಸೈಟಿಗೋ ಪೇಟೆಗೆ ಹೋದ ದಿನವೇ ಇದನ್ನೂ ಮುಗಿಸುವುದು ಒಳ್ಳೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎನ್ನುತ್ತಾರೆ. ಹಲವು ಕಡೆ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಕೊಟ್ಟಿದ್ದಾರೆ. ನಿಮ್ಮ ಪಂಚಾಯಿತಿಯಲ್ಲಿ ಹೇಗಿದೆ ಎಂದು ಒಮ್ಮೆ ಹೋಗಿ ಕೇಳಿ. ಗ್ರಂಥಪಾಲಕರಿಗೆ ಜನ ಬಂದು ಕೇಳಿದರೆ ಖುಷಿಯೇ.

ನೆಟ್ಟೇ ಬೇಡ ಎಂದರೆ ಟಿವಿ ಇದೆ. ಸ್ವಯಂ ಪ್ರಭ ಎಂಬ ಸರ್ಕಾರಿ ಚಾನೆಲ್‌ಗಳ ಗುಂಪು ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತದೆ, ತಿಂಗಳ ಬಾಡಿಗೆ ಇಲ್ಲ. ಶಾಲೆಯ ತರಗತಿಗಳಿಂದ ಎಂಜಿನಿಯರಿಂಗ್‌ವರೆಗೆ ಪಾಠಗಳಿವೆ. ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಹೊಸ ಪಾಠ ಹಾಕಿ, ಅದನ್ನೇ ಇನ್ನೂ ಐದು ಸಲ ತೋರಿಸುವ ಪದ್ಧತಿ. ಬೆಳಿಗ್ಗೆ ಕರೆಂಟ್ ಹೋಗಿ ತಪ್ಪಿದ್ದು ರಾತ್ರಿ ಸಿಗುತ್ತದೆ. ಮಳೆ ಜೋರಾಗಿ ಸುರಿಯುವಾಗ ಡಿಶ್ ಸಿಗ್ನಲ್ ಹಾರುತ್ತದೆ ಅನ್ನುವುದು ಬೇರೆ ಮಾತು. ಆಗುಂಬೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹೆಜ್ಜೆ 4: ನಿಮ್ಮ ವಿಷಯಕ್ಕೆ ಸರಿಯಾದ ಜಾಗ ಆರಿಸಿ

ಒಂದು ವಿಷಯಕ್ಕೆ ಒಂದೇ ಮುಖ್ಯ ತಾಣ, ಜೊತೆಗೆ ಬೇಕಾದರೆ ಒಂದು ಸಹಾಯಕ. ಇದಕ್ಕಿಂತ ಹೆಚ್ಚು ಬೇಡ.

ಶಾಲೆಯ ಮಕ್ಕಳಿಗೆ ಮೊದಲು ಪಠ್ಯಪುಸ್ತಕ. ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕ ಪಿಡಿಎಫ್ ರೂಪದಲ್ಲಿವೆ. ಪುಸ್ತಕದ ಪಾಠದ ಪಕ್ಕ ಇರುವ ಕ್ಯೂಆರ್ ಚೌಕವನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸ ತೆರೆದುಕೊಳ್ಳುತ್ತದೆ. 2017ರಲ್ಲಿ ಶುರುವಾದ ಈ ಆ್ಯಪ್‌ನ ನಿಜವಾದ ಲಾಭ ಎಂದರೆ ಪಾಠವನ್ನು ಇಳಿಸಿಟ್ಟು ಆಮೇಲೆ ನೋಡಬಹುದು. ಮೊದಲ ಸಲ ತೆರೆದಾಗ ಭಾಷೆ, ಕರ್ನಾಟಕ ರಾಜ್ಯ ಮಂಡಳಿ, ತರಗತಿ ಈ ಮೂರನ್ನೂ ಸರಿಯಾಗಿ ಆರಿಸಿ. ಇಲ್ಲದಿದ್ದರೆ ಬೇರೆ ರಾಜ್ಯದ ಪಾಠ ಬಂದು ಕೂರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮಾದರಿ ಪ್ರಶ್ನೆಪತ್ರಿಕೆಗೆ ರಾಜ್ಯದ ಪರೀಕ್ಷಾ ಮಂಡಳಿಯ ತಾಣವೇ ಸಾಕು, ಗೈಡ್‌ಗೆ ದುಡ್ಡು ಸುರಿಯಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಹೋಗುವ ಮಕ್ಕಳ ಕಷ್ಟ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಹತ್ತನೇ ತರಗತಿಯಲ್ಲಿ ತೊಂಬತ್ತು ತೆಗೆದವರೂ ಜೂನ್‌ನಲ್ಲಿ ಇಂಗ್ಲಿಷ್ ಪದಗಳ ಮುಂದೆ ಕೈಚೆಲ್ಲುತ್ತಾರೆ. ಅವರಿಗೆ ಒಂದು ಸುಲಭದ ಉಪಾಯ. ಒಂಬತ್ತು ಮತ್ತು ಹತ್ತನೇ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳನ್ನು ಕನ್ನಡ ಮಾಧ್ಯಮದ್ದೂ ಇಂಗ್ಲಿಷ್ ಮಾಧ್ಯಮದ್ದೂ ಎರಡೂ ಇಳಿಸಿ. ಪಾಠ ಒಂದೇ, ಚಿತ್ರ ಒಂದೇ, ಲೆಕ್ಕವೂ ಒಂದೇ. ಏಪ್ರಿಲ್, ಮೇ ರಜೆಯಲ್ಲಿ ದಿನಕ್ಕೊಂದು ವಿಭಾಗವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಓದಲಿ. ನೋಟ್‌ಬುಕ್‌ನಲ್ಲಿ ಎರಡು ಅಂಕಣ ಮಾಡಿ ವೇಗೋತ್ಕರ್ಷ ಎಂದರೆ ಆಕ್ಸಿಲರೇಶನ್, ವಿಭವಾಂತರ ಎಂದರೆ ಪೊಟೆನ್ಶಿಯಲ್ ಡಿಫರೆನ್ಸ್ ಹೀಗೆ ಬರೆದುಕೊಳ್ಳಲಿ. ಅರ್ಥ ಮೊದಲೇ ಗೊತ್ತಿರುವುದರಿಂದ ಇಂಗ್ಲಿಷ್ ಮಾತ್ರ ಹೊಸದು. ಯಾವ ಬ್ರಿಡ್ಜ್ ಕೋರ್ಸ್‌ಗೂ ಇದು ಕಡಿಮೆಯಲ್ಲ ಎಂದು ನನ್ನ ಅನಿಸಿಕೆ.

ಗಣಿತಕ್ಕೆ ಖಾನ್ ಅಕಾಡೆಮಿ. 2008ರಲ್ಲಿ ಸಲ್ಮಾನ್ ಖಾನ್ ಎಂಬ ಅಮೆರಿಕದ ಶಿಕ್ಷಕರು ಕಟ್ಟಿದ ಸಂಸ್ಥೆ, ಸಿನಿಮಾ ನಟನಲ್ಲ. ಕನ್ನಡದಲ್ಲೂ ಗಣಿತ ಪಾಠಗಳಿವೆ. ವಿಡಿಯೋಗಿಂತ ಅಲ್ಲಿನ ಅಭ್ಯಾಸದ ಲೆಕ್ಕಗಳೇ ಮುಖ್ಯ. ತಪ್ಪಾದರೆ ಹಂತ ಹಂತವಾಗಿ ಸುಳಿವು ಕೊಡುತ್ತದೆ. ಮಗು ಏಳನೇ ತರಗತಿಯಲ್ಲಿದ್ದು ಭಿನ್ನರಾಶಿ ಬಾರದಿದ್ದರೆ ಐದನೇ ತರಗತಿಯ ಪಾಠದಿಂದ ಶುರು ಮಾಡಿಸಿ. ಅಲ್ಲಿ ಯಾರೂ ನೋಡಿ ನಗುವುದಿಲ್ಲ.

ವಿಜ್ಞಾನಕ್ಕೆ ಪ್ರಯೋಗಾಲಯ ಇಲ್ಲದ ಶಾಲೆಗಳು ಫೆಟ್ ನೋಡಬೇಕು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ವಿದ್ಯುತ್ ಮಂಡಲ ಜೋಡಿಸುವುದು, ಲೋಲಕ ತೂಗಿಸುವುದು, ಪರಮಾಣು ಕಟ್ಟುವುದು ಎಲ್ಲವನ್ನೂ ಪರದೆಯ ಮೇಲೆ ಬೆರಳಲ್ಲಿ ಮಾಡಬಹುದು. ಕೆಲವು ಕನ್ನಡದಲ್ಲೇ ಇವೆ, ಇಳಿಸಿಟ್ಟುಕೊಂಡರೆ ನೆಟ್ ಬೇಡ. ಹೈಸ್ಕೂಲಿನಿಂದ ಪಿಯುವರೆಗಿನ ಪ್ರಯೋಗಗಳಿಗೆ ಓಲ್ಯಾಬ್ಸ್, ಎಂಜಿನಿಯರಿಂಗ್‌ನವರಿಗೆ ವರ್ಚುವಲ್ ಲ್ಯಾಬ್ಸ್ ಇದೆ.

ನೀಟ್, ಜೆಇಇ ಎಂದು ಮಂಗಳೂರಿಗೆ ಕಳಿಸಲು ಆಗದವರು ಸಾಥಿ ಎಂಬ ತಾಣ ನೋಡಿ. ಕೇಂದ್ರ ಶಿಕ್ಷಣ ಸಚಿವಾಲಯವೂ ಐಐಟಿ ಕಾನ್ಪುರವೂ ಸೇರಿ 2023ರಲ್ಲಿ ತಂದದ್ದು. ಅಣಕು ಪರೀಕ್ಷೆ, ವಿಡಿಯೋ ಎಲ್ಲ ಪುಕ್ಕಟೆ. ಸಿಇಟಿಯ ಹಳೇ ಪ್ರಶ್ನೆಪತ್ರಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ತಾಣದಲ್ಲೇ ಇವೆ.

ಕಾಲೇಜಿನವರಿಗೆ ಎನ್‌ಪಿಟಿಇಎಲ್ ಮತ್ತು ಸ್ವಯಂ. ಇವುಗಳ ಬಗ್ಗೆ ಮುಂದಿನ ಹೆಜ್ಜೆಯಲ್ಲಿ ಬಿಡಿಸಿ ಹೇಳುತ್ತೇನೆ. ಎಂಐಟಿ ತನ್ನ ತರಗತಿ ಸಾಮಗ್ರಿಯನ್ನು ಎಲ್ಲರಿಗೂ ತೆರೆಯುತ್ತೇನೆ ಎಂದು 2001ರಲ್ಲಿ ಸಾರಿತು. ಈಗ ಓಪನ್ ಕೋರ್ಸ್‌ವೇರ್‌ನಲ್ಲಿ 2500ಕ್ಕೂ ಹೆಚ್ಚು ಕೋರ್ಸ್‌ಗಳಿವೆ. ಹೆಸರು ನೋಂದಾಯಿಸುವ ಗೊಡವೆಯೂ ಇಲ್ಲ. ಲೀನಿಯರ್ ಆಲ್ಜೀಬ್ರಾ ಅರ್ಥವಾಗದೆ ಕೂತಿದ್ದರೆ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪಾಠ ನೋಡಿ. ಇಂಗ್ಲಿಷ್ ನಿಧಾನ, ಮಾತು ಸರಳ. ಬಿಎ, ಬಿಕಾಂ ಓದುವವರಿಗೆ ಇಗ್ನೋದ ಇಜ್ಞಾನಕೋಶದಲ್ಲಿ ಇಡೀ ಪಠ್ಯ ಪಿಡಿಎಫ್ ಇದೆ. ಚರಿತ್ರೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರಕ್ಕೆ ಅದು ತುಂಬ ಚೆನ್ನಾಗಿದೆ. ಕೆಎಎಸ್, ಐಎಎಸ್ ತಯಾರಿಯವರಿಗೂ ಅದೇ ಸರಿ, ಜೊತೆಗೆ ಎನ್‌ಸಿಇಆರ್‌ಟಿ ಪುಸ್ತಕಗಳು ಮತ್ತು ಕೇಂದ್ರ ಸರ್ಕಾರದ ಪ್ರಕಟಣೆಗಳನ್ನು ಕೊಡುವ ಪಿಐಬಿ ತಾಣ.

ಕಂಪ್ಯೂಟರ್ ಕಲಿಯುವವರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ಹೇಳುವುದು ಒಂದೇ ಹೆಸರು: ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಕನ್ನಡ ಧ್ವನಿಯಲ್ಲಿ ಲಿಬ್ರೆಆಫೀಸ್, ಲಿನಕ್ಸ್ ಮುಂತಾದ ಪಾಠಗಳಿವೆ, ಎಲ್ಲ ವಿಷಯಕ್ಕೂ ಕನ್ನಡ ಇಲ್ಲ. ಪರದೆಯ ಒಂದು ಬದಿಗೆ ವಿಡಿಯೋ, ಇನ್ನೊಂದು ಬದಿಗೆ ಅದೇ ಸಾಫ್ಟ್‌ವೇರ್ ತೆರೆದಿಟ್ಟು, ಅವರು ಮಾಡಿದ್ದನ್ನು ನೀವೂ ಮಾಡುತ್ತ ಹೋಗಬೇಕು. ಸುಮ್ನೆ ನೋಡಿದರೆ ಏನೂ ಬರುವುದಿಲ್ಲ. ಸಂಘದ ಲೆಕ್ಕ ಇಡಬೇಕಾದವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ಸಾಫ್ಟ್‌ವೇರ್‌ನ ಪಾಠಗಳೇ ಸಾಕು, ಎಕ್ಸೆಲ್‌ಗೂ ಅದೇ ಕೈ ಹೊಂದುತ್ತದೆ. ಇದೇ ತಾಣದಲ್ಲಿ ಎದೆಹಾಲು, ಮಗುವಿನ ಆಹಾರದ ಬಗ್ಗೆ ಆರೋಗ್ಯ ಪಾಠಗಳೂ ಇವೆ. ಆಶಾ ಕಾರ್ಯಕರ್ತೆಯರು ಒಮ್ಮೆ ನೋಡಬೇಕು.

ಪ್ರೋಗ್ರಾಮಿಂಗ್ ಬೇಕಾದವರಿಗೆ ಫ್ರೀಕೋಡ್‌ಕ್ಯಾಂಪ್. ಸರ್ಟಿಫಿಕೇಟೂ ಪುಕ್ಕಟೆ. ಸ್ವಲ್ಪ ಬೆವರು ಹರಿಸುವ ಮನಸ್ಸಿದ್ದರೆ ಹಾರ್ವರ್ಡ್‌ನ ಸಿಎಸ್50 ಎಂಬ ಕೋರ್ಸ್. ಪಾಠ ರಂಜನೀಯ, ಕೊಡುವ ಲೆಕ್ಕಗಳು ಗಟ್ಟಿ. ಎರಡೂ ಇಂಗ್ಲಿಷ್‌ನಲ್ಲಿ, ಎರಡಕ್ಕೂ ಲ್ಯಾಪ್‌ಟಾಪ್ ಬೇಕು. ಫೋನಿನಲ್ಲಿ ಕೋಡಿಂಗ್ ಕಲಿಯುತ್ತೇನೆ ಎಂದು ಹೊರಟು ಕಣ್ಣು ಹಾಳು ಮಾಡಿಕೊಳ್ಳಬೇಡಿ.

ಇಂಗ್ಲಿಷ್ ಮಾತಿಗೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಆಡಿಯೋ ಸರಣಿ ನನ್ನ ಆಯ್ಕೆ. ಆಡಿಯೋ ಆದ್ದರಿಂದ ಡೇಟಾ ಕಡಿಮೆ, ಮಾತಿನ ಬರಹವೂ ಜೊತೆಗೇ ಸಿಗುತ್ತದೆ. ಬಸ್ಸಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಒಂದನ್ನು ಮೂರು ಸಲ ಕೇಳಿ: ಮೊದಲು ಬರಹ ನೋಡದೆ, ಆಮೇಲೆ ನೋಡಿಕೊಂಡು, ಕೊನೆಗೆ ಅವರ ಹಿಂದೆ ಹೇಳಿಕೊಂಡು. ಪಕ್ಕದವರು ನೋಡಿದರೆ ನೋಡಲಿ.

ಕನ್ನಡ ಓದುವವರಿಗೆ ಈಗ ಕೊರತೆಯಿಲ್ಲ. ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟು ಹುಡುಕಬಹುದು. ಬಳ್ಳಿಗಾವಿಯ ಅಲ್ಲಮನೂ ಉಡುತಡಿಯ ಅಕ್ಕನೂ ನಮ್ಮ ಶಿಕಾರಿಪುರ ತಾಲೂಕಿನವರೇ ಅಲ್ವಾ? "ಬೆಟ್ಟ", "ಗಿಡ", "ಮಳೆ" ಎಂದು ಒಂದೊಂದು ಪದ ಹಾಕಿ, ಇಬ್ಬರೂ ಅದನ್ನು ಹೇಗೆ ಬಳಸಿದ್ದಾರೆ ಎಂದು ನೋಡಿ. ಒಂದು ಸಂಜೆ ಹೋದದ್ದೇ ಗೊತ್ತಾಗುವುದಿಲ್ಲ. ಹಳೆಯ ಕಾವ್ಯಗಳಿಗೆ ಕನ್ನಡ ವಿಕಿಸೋರ್ಸ್, ಸಾಮಾನ್ಯ ಜ್ಞಾನಕ್ಕೆ ಸರ್ಕಾರದ ಕಣಜ, ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ ಅಲರ್ ಎಂಬ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಬಂತು. ಮೊಬೈಲ್ ನಂಬರ್ ಕೊಟ್ಟು ಸದಸ್ಯರಾದರೆ ಸಾಕು. ಯಕ್ಷಗಾನದವರಿಗೆ ಹಳೆಯ ಪ್ರಸಂಗಗಳ ಪ್ರತಿಗಳು ಸ್ಕ್ಯಾನ್ ರೂಪದಲ್ಲಿ ಸಿಗುತ್ತವೆ. ಪ್ರಸಂಗದ ಹೆಸರಿನ ಜೊತೆ "ಪಿಡಿಎಫ್" ಎಂದು ಕನ್ನಡದಲ್ಲೇ ಹುಡುಕಿ. ತಾಳ, ಹೆಜ್ಜೆ ಮಾತ್ರ ಗುರುಗಳಿಂದಲೇ ಆಗಬೇಕು. ಅದೇ ರೀತಿ ಸಂಸ್ಕೃತಕ್ಕೆ ಎಷ್ಟೇ ಆ್ಯಪ್ ಇದ್ದರೂ ಮಾತಾಡಿ ಕಲಿಯಬೇಕಾದರೆ ಶಿವಮೊಗ್ಗದ ಪಕ್ಕದ ಮತ್ತೂರಿದೆ, ಗಮಕಕ್ಕೆ ಹೊಸಹಳ್ಳಿ ಇದೆ.

ಕಾಡು, ಹಕ್ಕಿ, ಗಿಡದ ಆಸಕ್ತಿ ಇರುವವರಿಗೆ ಮಲೆನಾಡಿನಷ್ಟು ಒಳ್ಳೆಯ ತರಗತಿ ಇಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಮರ್ಲಿನ್ ಆ್ಯಪ್ ಹಾಕಿ, ನಮ್ಮ ಪ್ರದೇಶದ ಹಕ್ಕಿಗಳ ಕಟ್ಟನ್ನು ಪೇಟೆಯಲ್ಲೇ ಇಳಿಸಿಕೊಳ್ಳಿ. ಆಮೇಲೆ ನೆಟ್ ಇಲ್ಲದ ಕಾಡಿನಲ್ಲೂ ಕೂಗು ಕೇಳಿ ಹೆಸರು ಹೇಳುತ್ತದೆ. ಕೆಲವೊಮ್ಮೆ ತಪ್ಪೂ ಹೇಳುತ್ತದೆ, ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಮಂಡಗದ್ದೆಯ ಬೆಳ್ಳಕ್ಕಿ, ನೀರುಕಾಗೆಗಳಿಂದಲೂ ಸೊರಬದ ಗುಡವಿಯಿಂದಲೂ ಶುರು ಮಾಡಬಹುದು. ಗಿಡ, ಚಿಟ್ಟೆ, ಕಪ್ಪೆಗೆ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್. ಫೋಟೋ ತೆಗೆದಿಟ್ಟು ಟವರ್ ಸಿಕ್ಕಾಗ ಏರಿಸಿ, ತಿಳಿದವರು ಹೆಸರು ಹೇಳುತ್ತಾರೆ. ಹಾವಿನ ಫೋಟೋ ಮಾತ್ರ ದೂರದಿಂದ.

ಕೃಷಿಯ ವಿಷಯದಲ್ಲಿ ನನ್ನದು ಸ್ವಲ್ಪ ಬಿಗಿ ಅಭಿಪ್ರಾಯ. ಅಡಿಕೆ ಬಗ್ಗೆ ಯೂಟ್ಯೂಬ್‌ನಲ್ಲಿ ಇರುವಷ್ಟು ವಿಡಿಯೋ ಬೇರೆ ಯಾವುದಕ್ಕೂ ಇಲ್ಲವೇನೋ. ಎಲೆಚುಕ್ಕೆ ರೋಗಕ್ಕೆ ಒಬ್ಬರು ಒಂದು ಔಷಧಿ ಡಬ್ಬಿ ತೋರಿಸಿದರೆ ಇನ್ನೊಬ್ಬರು ಇನ್ನೊಂದು ತೋರಿಸುತ್ತಾರೆ. ಯಾವ ಚಾನೆಲ್ ನಂಬಬೇಕು ಎಂದು ತಿಳಿಯಲು ಒಂದು ದಾರಿಯಿದೆ: ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದ ಪರೀಕ್ಷೆ ಮಾಡಿ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಿಮಗೆ ಗೊತ್ತು. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಆ ಚಾನೆಲ್‌ನವರು ಬೋರ್ಡೋ ಬಗ್ಗೆ ಹೇಳಿದ್ದನ್ನು ಮೊದಲು ನೋಡಿ. ಅಳತೆ ಹೇಳದೆ, ಪರೀಕ್ಷೆ ಹೇಳದೆ ಬರೀ ಅಂಗಡಿ ಹೆಸರು ಹೇಳಿದರೆ ಅವರ ಉಳಿದ ಸಲಹೆಯೂ ಅಷ್ಟರದ್ದೇ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ, ಕಾಳುಮೆಣಸು ಏಲಕ್ಕಿಗೆ ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ, ಈ ಮೂರರ ಪ್ರಕಟಣೆಗಳನ್ನು ಆಧಾರ ಮಾಡಿಕೊಳ್ಳಿ. ಔಷಧಿ ಹೊಡೆಯುವ ಮುನ್ನ ಕೃಷಿ ವಿಜ್ಞಾನ ಕೇಂದ್ರಕ್ಕೋ ಶಿವಮೊಗ್ಗದ ನವಿಲೆಯ ಕೃಷಿ ಕಾಲೇಜಿಗೋ ಒಂದು ರೋಗದ ಎಲೆ ತೆಗೆದುಕೊಂಡು ಹೋಗಿ. ಅದೂ ಪುಕ್ಕಟೆಯೇ.

ಹೆಜ್ಜೆ 5: ಸ್ವಯಂನಲ್ಲಿ ಮೊದಲ ಕೋರ್ಸ್ ಸೇರುವುದು

2017ರಲ್ಲಿ ಶುರುವಾದ ಸ್ವಯಂ ಕೇಂದ್ರ ಸರ್ಕಾರದ್ದು. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳೂ, ಬೆಂಗಳೂರು ಐಐಎಂನ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳೂ ಇದರಲ್ಲೇ ಇವೆ.

ತಾಣಕ್ಕೆ ಹೋಗಿ ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಹೆಸರನ್ನು ಮಾರ್ಕ್ಸ್ ಕಾರ್ಡಿನಲ್ಲಿ ಇರುವ ಹಾಗೇ ಬರೆಯಿರಿ, ಇನಿಷಿಯಲ್ ಸಮೇತ. ಆಮೇಲೆ ವಿಷಯ ಹುಡುಕಿ ಕೋರ್ಸ್‌ನ ಪುಟ ತೆರೆಯಿರಿ. ಅಲ್ಲಿ ನಾಲ್ಕು ಸಂಗತಿ ನೋಡಬೇಕು: ಎಷ್ಟು ವಾರ, ಯಾವಾಗ ಶುರು, ಸೇರಲು ಕೊನೆ ದಿನ, ಪರೀಕ್ಷೆ ಯಾವಾಗ. 4, 8, 12 ವಾರದ ಕೋರ್ಸ್‌ಗಳಿರುತ್ತವೆ. ಮೊದಲ ಸಲ 4 ಅಥವಾ 8 ವಾರದ್ದೇ ಆರಿಸಿ. ಪರಿಚಯದ ವಿಡಿಯೋ ಐದು ನಿಮಿಷ ನೋಡಿ. ಅವರ ಉಚ್ಚಾರಣೆ ನಿಮಗೆ ಹಿಡಿಸದಿದ್ದರೆ ಇನ್ನೊಬ್ಬರ ಕೋರ್ಸ್ ನೋಡಿ, ಒಂದೇ ವಿಷಯಕ್ಕೆ ಎರಡು ಮೂರು ಜನ ಪಾಠ ಮಾಡಿರುತ್ತಾರೆ. ಸೇರುವ ಗುಂಡಿ ಒತ್ತಿದರೆ ಮುಗಿಯಿತು. ಇಲ್ಲಿಯವರೆಗೆ ಒಂದು ಪೈಸೆ ಇಲ್ಲ.

ಎನ್‌ಪಿಟಿಇಎಲ್ ಕೋರ್ಸ್‌ನಲ್ಲಿ ವಾರ ವಾರ ಪಾಠ ಬರುತ್ತದೆ, ಪ್ರತಿ ವಾರದ ಕೊನೆಗೆ ಅಸೈನ್‌ಮೆಂಟ್. ಅದನ್ನು ಗಡುವಿನೊಳಗೆ ಹಾಕಬೇಕು. ಅಸೈನ್‌ಮೆಂಟ್ ಹಾಕಲು ಡೇಟಾ ತೀರಾ ಕಡಿಮೆ ಸಾಕು. ಆದರೆ ಕೊನೆ ದಿನದ ರಾತ್ರಿ ಟವರ್ ಹೋದರೆ ಯಾರೂ ಗತಿಯಿಲ್ಲ. ಎರಡು ದಿನ ಮೊದಲೇ ಹಾಕಿ ಮುಗಿಸಿ. 12 ವಾರದ ಕೋರ್ಸ್‌ನಲ್ಲಿ ನಿಮ್ಮ ಒಳ್ಳೆಯ 8 ಅಸೈನ್‌ಮೆಂಟ್‌ಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದ್ದರಿಂದ ಒಂದೆರಡು ತಪ್ಪಿದರೆ ಕೋರ್ಸ್ ಬಿಡಬೇಕಾಗಿಲ್ಲ.

ಈ ಕೋರ್ಸ್‌ಗಳು ಮುಖ್ಯವಾಗಿ ಜನವರಿಗೊಮ್ಮೆ, ಜುಲೈಗೊಮ್ಮೆ ಶುರುವಾಗುತ್ತವೆ. ಒಳಗಿನ ಹಳ್ಳಿಯವರು ಮೊದಲ ಸಲಕ್ಕೆ ಜನವರಿಯದನ್ನೇ ಹಿಡಿಯಿರಿ. ಜುಲೈ ಎಂದರೆ ಪುನರ್ವಸು, ಪುಷ್ಯ ಮಳೆ. ಕಂಬ ಬೀಳುವ ಕಾಲ. ಜನವರಿಯಲ್ಲಿ ಅಡಿಕೆ ಕೆಲಸ ಇನ್ನೂ ಮುಗಿದಿರುವುದಿಲ್ಲ, ನಿಜ. ಆದರೂ ಕರೆಂಟು ಇರುತ್ತದೆ.

ಗಡುವು, ಅಸೈನ್‌ಮೆಂಟ್ ಯಾವುದೂ ಬೇಡ ಎನ್ನುವವರು ಎನ್‌ಪಿಟಿಇಎಲ್ ತಾಣಕ್ಕೇ ನೇರ ಹೋಗಿ. ಹಳೆಯ ಕೋರ್ಸ್‌ಗಳು ಪೂರ್ತಿ ಇವೆ, ವಿಡಿಯೋ ಇಳಿಸಬಹುದು. ಕೆಲವು ಕೋರ್ಸ್‌ಗಳ ಪಾಠದ ಬರಹ ಕನ್ನಡಕ್ಕೂ ಅನುವಾದವಾಗಿ ಪಿಡಿಎಫ್‌ನಲ್ಲಿ ಸಿಗುತ್ತದೆ. ಅನುವಾದ ಕೆಲವು ಕಡೆ ಒರಟು, ಆದರೂ ಇಂಗ್ಲಿಷ್ ವಿಡಿಯೋ ನೋಡುವಾಗ ಪಕ್ಕದಲ್ಲಿಟ್ಟುಕೊಳ್ಳಲು ಅನುಕೂಲ.

ಹೆಜ್ಜೆ 6: ಕೂತು ಕಲಿಯುವ ರೀತಿ

ಇದಕ್ಕೆ ದೊಡ್ಡ ಶಾಸ್ತ್ರವೇನಿಲ್ಲ. ಇಪ್ಪತ್ತು ನಿಮಿಷದ ವಿಡಿಯೋವನ್ನು ಒಂದೇ ಉಸಿರಿಗೆ ನೋಡಬೇಡಿ. ಐದು ನಿಮಿಷಕ್ಕೆ ನಿಲ್ಲಿಸಿ, ಫೋನ್ ಬೋರಲು ಹಾಕಿ, ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಕನ್ನಡದಲ್ಲೇ ಬರೆಯಿರಿ. ಬರೆಯಲು ಬಾರದಿದ್ದರೆ ಅರ್ಥವಾಗಿಲ್ಲ, ಹಿಂದಕ್ಕೆ ಹೋಗಿ. ಇಂಗ್ಲಿಷ್ ವೇಗ ಜಾಸ್ತಿ ಅನಿಸಿದರೆ 0.75ಕ್ಕೆ ಇಳಿಸಿ, ಕೆಳಗೆ ಇಂಗ್ಲಿಷ್ ಬರಹ ಬರುವ ಹಾಗೆ ಹಾಕಿಕೊಳ್ಳಿ. ತಾನಾಗಿ ಮೂಡುವ ಕನ್ನಡ ಅನುವಾದವನ್ನು ವಿಜ್ಞಾನದ ಪಾಠಕ್ಕೆ ನಂಬಬೇಡಿ, ಒಮ್ಮೊಮ್ಮೆ ನಗು ಬರುವಷ್ಟು ತಪ್ಪಿರುತ್ತದೆ.

ಊರಲ್ಲಿ ಇನ್ನೊಬ್ಬರು ಜೊತೆಗೆ ಸೇರಿದರೆ ಬಹಳ ಒಳ್ಳೆಯದು. ಒಬ್ಬರು ಇಳಿಸಿದ್ದನ್ನು ಇನ್ನೊಬ್ಬರಿಗೆ ಬ್ಲೂಟೂತ್‌ನಲ್ಲೋ ಮೆಮೊರಿ ಕಾರ್ಡಿನಲ್ಲೋ ಕೊಡಬಹುದು. ಅಸೈನ್‌ಮೆಂಟ್ ದಿನ ಒಬ್ಬರಿಗೊಬ್ಬರು ನೆನಪಿಸಬಹುದು. ಮನೆಯಲ್ಲಿ ಫೋನ್ ಒಂದೇ ಇದ್ದರೆ ಯಾರಿಗೆ ಯಾವ ಹೊತ್ತು ಎಂದು ಮೊದಲೇ ಮಾತಾಡಿಕೊಳ್ಳಿ. ಧಾರಾವಾಹಿ ಹೊತ್ತಿಗೆ ಜಗಳ ಬೇಡ.

ಹೆಜ್ಜೆ 7: ಸರ್ಟಿಫಿಕೇಟ್ ಬೇಕಾದವರಿಗೆ ಮಾತ್ರ

ಎನ್‌ಪಿಟಿಇಎಲ್ ಪರೀಕ್ಷೆಗೆ ಬೇರೆಯೇ ಅರ್ಜಿ ತುಂಬಬೇಕು. ಕೋರ್ಸ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಶುಲ್ಕ ಒಂದು ಕೋರ್ಸ್‌ಗೆ 1000 ರೂಪಾಯಿ ಆಸುಪಾಸು, ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆ. ಅರ್ಜಿ ತುಂಬುವಾಗ ಪರೀಕ್ಷಾ ಕೇಂದ್ರದ ಊರುಗಳು ಕಾಣುತ್ತವೆ. ದುಡ್ಡು ಕಟ್ಟುವ ಮೊದಲು ಆ ಸಲ ಶಿವಮೊಗ್ಗ ಇದೆಯೇ, ಇಲ್ಲದಿದ್ದರೆ ಬಸ್ಸಿನಲ್ಲಿ ಬೆಳಿಗ್ಗೆ ಹೊತ್ತಿಗೆ ಮುಟ್ಟಬಹುದಾದ ಊರು ಯಾವುದು ಎಂದು ನೋಡಿ. ಪರೀಕ್ಷೆ ಕೇಂದ್ರಕ್ಕೇ ಹೋಗಿ ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಪಾಸಾಗಲು 25ಕ್ಕೆ 10, 75ಕ್ಕೆ 30 ಬೇಕು.

ಡಿಗ್ರಿ ಓದುತ್ತಿರುವವರಿಗೆ ಇನ್ನೊಂದು ಅನುಕೂಲ ಇದೆ. ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಿ ಕ್ರೆಡಿಟ್ ಪಡೆಯಬಹುದು ಎಂದು ಯುಜಿಸಿಯ 2021ರ ನಿಯಮ ಹೇಳುತ್ತದೆ. ಆದರೆ ಯಾವ ಕೋರ್ಸ್ ನಿಮ್ಮ ಸಿಲಬಸ್‌ಗೆ ಹೊಂದುತ್ತದೆ ಎಂದು ತೀರ್ಮಾನಿಸುವುದು ನಿಮ್ಮ ಕಾಲೇಜು ಮತ್ತು ವಿಶ್ವವಿದ್ಯಾಲಯ. ಪರೀಕ್ಷೆ ಮುಗಿಸಿ ಬಂದು ಕೇಳಿದರೆ ಪ್ರಯೋಜನವಿಲ್ಲ. ಕೋರ್ಸ್ ಸೇರುವ ವಾರವೇ ವಿಭಾಗದ ಮುಖ್ಯಸ್ಥರನ್ನು ಕಂಡು, ಕೋರ್ಸ್‌ನ ಹೆಸರು, ವಾರ, ಕ್ರೆಡಿಟ್ ಎಲ್ಲ ಬರೆದ ಒಂದು ಅರ್ಜಿ ಕೊಡಿ. ಒಪ್ಪಿಗೆಯನ್ನು ಬಾಯಿಮಾತಲ್ಲಿ ಬಿಡದೆ ಬರಹದಲ್ಲಿ ತೆಗೆದುಕೊಳ್ಳಿ. ಪರೀಕ್ಷೆ ಶುಲ್ಕ ಕಟ್ಟುವುದು ಅದು ಕೈಗೆ ಬಂದ ಮೇಲೆ.